ಲೈನ್ ಕ್ಲಿಯರ್ ಹಿಡಿದವನ ಮಾತು

ಇದು ಬಡಾಯಿಯ ಬರಹ. ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ಓದುವವರಿಗೂ ಹಗುರ. ನನ್ನ ಬಗ್ಗೆ ಕೊಚ್ಚಿಕೊಳ್ಳುವಂಥದ್ದು ಹೆಚ್ಚಿಲ್ಲ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಪಾಂಡವಪುರದ ರೈಲ್ವೆ ಗೇಟಿನಿಂದ ವಾರಕ್ಕೆ ಎರಡು ಸಲವಾದರೂ ಸ್ಕೂಟರ್ ತಿರುಗಿಸಿಕೊಂಡು ಹೋಗುವ ಐವತ್ತೊಂದರ ಗಂಡಸು ನಾನು. ಬಡಾಯಿ ಏನಿದ್ದರೂ ನನ್ನ ಕೈಕೆಳಗಿನವರದು.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಸಿಂಧಘಟ್ಟದ ಕಡೆಗಿರುವ ಒಂದು ವಿದ್ಯುತ್ ಶಾಖೆಗೆ ನಾನು ಶಾಖಾಧಿಕಾರಿ. ಒಂಬತ್ತು ಜನ ಲೈನ್‌ಮನ್‌ಗಳು, ಒಂದು ಸೋರುವ ಕಟ್ಟಡ, ಎಣಿಸಿ ಮುಗಿಯದಷ್ಟು ಪಂಪ್‌ಸೆಟ್ಟುಗಳು. ಬೇಸಿಗೆಗೆ ಮುಂಚೆ ನಮ್ಮಂಥ ಅಧಿಕಾರಿಗಳನ್ನು ಮೈಸೂರಿಗೆ ಕರೆಸಿ ಎರಡು ದಿನ ತರಬೇತಿ ಕೊಟ್ಟರು. ಸಂಸ್ಥೆಯೊಳಗೆ ಒಳ್ಳೆಯ ನಾಯಕರನ್ನು ಬೆಳೆಸುವುದು ಹೇಗೆ, ಸಿಬ್ಬಂದಿ ಮನಸ್ಸಿಟ್ಟು ದುಡಿಯುವಂತೆ ಮಾಡುವುದು ಹೇಗೆ ಎಂಬುದು ವಿಷಯ. ಊಟ ಚೆನ್ನಾಗಿತ್ತು. ಕೊನೆಯಲ್ಲಿ ಒಂದು ನಮೂನೆ ಕೊಟ್ಟು, ‘ಮೂರು ತಿಂಗಳೊಳಗೆ ನಿಮ್ಮ ಶಾಖೆಯಲ್ಲಿ ಇಬ್ಬರು ನಾಯಕರನ್ನು ತಯಾರು ಮಾಡಿ ವರದಿ ಕಳಿಸಿ’ ಅಂದರು. ಎರಡು ಟ್ರಾನ್ಸ್‌ಫಾರ್ಮರ್ ಕೂರಿಸಿ ಅಂದ ಹಾಗೇ ಅಂದರು. ಟ್ರಾನ್ಸ್‌ಫಾರ್ಮರ್ ಆಗಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ನಮ್ಮ ಶಾಖೆಯಲ್ಲಿ ನಾಯಕ ಆಗಲೇ ಒಬ್ಬರಿದ್ದರು: ಆ ಒಂಬತ್ತು ಜನರ ಮೇಲಿನ ಮೇಸ್ತ್ರಿ. ಕಂಬದ ಮೇಲೆ ಮೂವತ್ತು ವರ್ಷ ಕಳೆದವರು, ನಿವೃತ್ತಿಗೆ ಎರಡು ವರ್ಷ ಬಾಕಿ. ಎಲ್ಲರೂ ಅವರನ್ನು ‘ಮಾವ’ ಅನ್ನುತ್ತಿದ್ದರು. ಎಂಟು ಜನಕ್ಕೆ ಅದು ರೂಢಿಯ ಮಾತು. ಒಬ್ಬನಿಗೆ ಮಾತ್ರ ನಿಜವಾಗಿಯೂ ಮಾವ. ಮೂವತ್ತೈದರ ಆ ಲೈನ್‌ಮನ್‌ಗೆ ಮೇಸ್ತ್ರಿ ಸ್ವಂತ ಸೋದರಮಾವ, ಮೇಲಾಗಿ ಹೆಣ್ಣು ಕೊಟ್ಟ ಮಾವ. ಹಾಗಾಗಿ ಮೇಸ್ತ್ರಿ ಒಳಗೆ ಬಂದರೆ ಅಳಿಯ ಎದ್ದು ನಿಲ್ಲುತ್ತಿದ್ದ, ಅವರೆದುರು ಕಾಫಿಯನ್ನೂ ಗೋಡೆಯ ಕಡೆ ತಿರುಗಿ ಕುಡಿಯುತ್ತಿದ್ದ. ಕೆಲಸದಲ್ಲಿ ಒಂಬತ್ತು ಜನರಲ್ಲಿ ಅವನಷ್ಟು ಅಚ್ಚುಕಟ್ಟು ಯಾರೂ ಇಲ್ಲ. ಬಾಯಿ ಮಾತ್ರ ಇಲ್ಲ.

ತರಬೇತಿಯಿಂದ ಬಂದ ಮರುದಿನ ಒಂಬತ್ತೂ ಜನರನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದೆ. ಬೋರ್ಡಿನ ಮೇಲೆ ಬಾಣಗಳನ್ನು ಬಿಡಿಸಿದೆ. ‘ಅರ್ಥ ಆಯ್ತಾ?’ ಅಂದೆ. ‘ಆಯ್ತು ಸಾರ್’ ಎಂದು ಒಂದೇ ದನಿಯಲ್ಲಿ ಅಂದರು. ಮೇಸ್ತ್ರಿ ಹೊರಗೆ ಹೋಗುತ್ತ, ‘ಸಾರು ಒಸಿ ದಣ್ದವ್ರೆ ಕಣ್ಲಾ, ಟೀ ತರ್ಸು’ ಅಂದದ್ದು ನನಗೆ ಕೇಳಿಸಿತು. ಆಮೇಲೆ ಸಲಹಾ ಪೆಟ್ಟಿಗೆ ಇಟ್ಟೆ. ಒಂದು ತಿಂಗಳಾದ ಮೇಲೆ ತೆರೆದರೆ ಒಳಗೆ ಕಣಜದ ಗೂಡು, ಒಂದೇ ಒಂದು ಚೀಟಿ. ‘ಪೆಟ್ಟಿಗೆ ತೆಗೆಯಿರಿ, ಹುಳ ಕಚ್ಚುತ್ತಿದೆ’ ಎಂದು ಬರೆದಿತ್ತು.

ಈ ಹೊತ್ತಿಗೇ ಟೀ ಅಂಗಡಿಯಲ್ಲಿ ನಾನು ಕೇಳಬಾರದಾಗಿದ್ದ ಒಂದು ಜೋಕು ಕೇಳಿಸಿಕೊಂಡೆ.

ಅದು ಅರ್ಥವಾಗಬೇಕಾದರೆ ಲೈನ್ ಕ್ಲಿಯರ್ ಅಂದರೇನು ಎಂದು ಹೇಳಬೇಕು. ನಾವು ‘ಎಲ್ಸಿ’ ಅನ್ನುತ್ತೇವೆ. ಹನ್ನೊಂದು ಕೆವಿ ತಂತಿ ಮುಟ್ಟುವ ಮೊದಲು ಲೈನ್‌ಮನ್ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್ಸಿ ಕೇಳಬೇಕು. ಅಲ್ಲಿನ ಆಪರೇಟರ್ ಆ ಲೈನಿಗೆ ಕರೆಂಟು ಕೊಡುವ ಫೀಡರ್ ಆಫ್ ಮಾಡಿ ಒಂದು ನಂಬರ್ ಕೊಡುತ್ತಾನೆ. ಅದು ಎರಡೂ ಕಡೆ ರಿಜಿಸ್ಟರಿಗೆ ಏರುತ್ತದೆ. ಆಮೇಲೆ ಕಂಬದ ಸ್ವಿಚ್ ಎಳೆದು, ತಪ್ಪಿ ಕರೆಂಟು ಬಂದರೂ ನೆಲಕ್ಕಿಳಿಯುವಂತೆ ತಂತಿಗೆ ಅರ್ಥಿಂಗ್ ರಾಡ್ ತಗುಲಿಸಿ, ಹತ್ತಬೇಕು. ಕೆಲಸ ಮುಗಿದ ಮೇಲೆ ಎಲ್ಲರೂ ಇಳಿದಿದ್ದಾರೆಂದು ನೋಡಿ, ರಾಡ್ ತೆಗೆದು, ಎಲ್ಸಿ ತೆಗೆದುಕೊಂಡವನೇ ಅದನ್ನು ವಾಪಸ್ ಕೊಡಬೇಕು. ಆಗ ಮಾತ್ರ ಲೈನಿಗೆ ಕರೆಂಟು.

ನಮ್ಮವರು ಎಲ್ಸಿಯನ್ನು ಹಂಚಿಕೊಳ್ಳುತ್ತಿದ್ದರು. ಒಬ್ಬ ಎಲ್ಸಿ ತಗೊಂಡಿದ್ದಾನೆ ಅಂತ ಗೊತ್ತಾದರೆ ಅದೇ ಲೈನಿನ ಇನ್ನೊಂದು ಮೂಲೆಯಲ್ಲಿ ಇನ್ನೊಬ್ಬ, ‘ಹೆಂಗೂ ಎಲ್ಸಿ ಐತಲ್ಲ’ ಎಂದು ಹತ್ತಿಬಿಡುತ್ತಿದ್ದ. ಬೇರೆ ಎಲ್ಸಿ ಕೇಳುವುದು ಬಿಗುಮಾನದ ಲಕ್ಷಣ. ನೆಂಟರ ಮನೆಗೆ ಹೋಗಿ ಬೇರೆ ಒಲೆ ಹೂಡಿದ ಹಾಗೆ. ಹಿಂದಿನ ವರ್ಷ ಮೇಸ್ತ್ರಿ ಹೀಗೇ ಹತ್ತಿದ್ದಾಗ ಅವರ ಎಲೆಅಡಿಕೆ ಸಂಚಿ ಕೆಳಗೆ ಬಿತ್ತಂತೆ. ಎತ್ತಿಕೊಳ್ಳಲು ಇಳಿದು ಬಗ್ಗಿದ್ದಾರೆ, ಅತ್ತ ಎಲ್ಸಿ ವಾಪಸ್ಸಾಗಿ ಲೈನ್ ಚಾರ್ಜ್ ಆಗಿದೆ.

‘ಎಲೆಅಡ್ಕೆ ಬುಡು ಅಂತಾಳೆ ನಿಮ್ಮತ್ತೆ. ಬುಟ್ಟಿದ್ರೆ ಇವತ್ತು ಅವ್ಳ್ ಕುಂಕುಮ ಎಲ್ಲಿರ್ತಿತ್ಲಾ?’ ಎಂದು ಮೇಸ್ತ್ರಿ ತೊಡೆ ತಟ್ಟಿಕೊಂಡರು. ಅಂಗಡಿಯೇ ನಕ್ಕಿತು. ಅಳಿಯ ನಗಲಿಲ್ಲ. ನನ್ನ ಕೈಯ ಟೀ ಅಂಗಿಯ ಮೇಲೆ ಚೆಲ್ಲಿತು.

ಆ ವಾರವೆಲ್ಲ ಅನ್ನ ಸೇರಲಿಲ್ಲ. ಸುತ್ತೋಲೆ ಬರೆದೆ: ‘ಎಲ್ಸಿ ಹಂಚಿಕೊಳ್ಳುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.’ ಎಲ್ಲರೂ ಸಹಿ ಹಾಕಿದರು. ನಾಲ್ಕನೇ ದಿನ ಸ್ಕೂಟರಿನಲ್ಲಿ ಹೋಗುವಾಗ ನೋಡಿದರೆ ಒಂದು ಎಲ್ಸಿ, ಎರಡು ಕಂಬ, ಮೂರು ಜನ.

ಅಳಿಯನನ್ನು ಒಬ್ಬನೇ ಇರುವಾಗ ಹಿಡಿದೆ. ‘ನಿನಗೆ ಗೊತ್ತಿಲ್ಲವೇನಪ್ಪ? ನೀನಾದರೂ ಹೇಳಬಾರದಾ?’

ಅವನು ನೆಲ ನೋಡುತ್ತ, ‘ಮಾವಂಗೆ ಇಳೀರಿ ಅಂತ ನಾನೇಳಾಕಾಯ್ತದ ಸಾರ್?’ ಅಂದ. ಹೊರಡುತ್ತ, ‘ನೀವೇ ಯೋಳಲ್ವಲ್ಲ’ ಅಂದ.

ಅವನು ಅಂದದ್ದು ನಿಜವಾಗಿತ್ತು. ನನಗೂ ಮೇಸ್ತ್ರಿಯೆಂದರೆ ಅಳುಕು. ಅವರಿಗೆ ಹೇಳಬೇಕಾದ್ದನ್ನು ಒಂಬತ್ತು ಜನರ ಹೆಸರಿನಲ್ಲಿ ಸುತ್ತೋಲೆ ಮಾಡಿ ಗೋಡೆಗೆ ಅಂಟಿಸಿದ್ದೆ.

ಮುಂದಿನ ಸೋಮವಾರ ಬೋರ್ಡು, ಬಾಣ ಎಲ್ಲ ಬಿಟ್ಟು ನೆಲದ ಮೇಲೆ ಕೂತೆ. ಮೇಸ್ತ್ರಿ ಅವತ್ತು ರಜ. ‘ದೊಡ್ಡವರಿಗೆ ಏನೂ ಹೇಳದೆ, ಅವರು ಇಳಿದಿದ್ದಾರೋ ಇಲ್ಲವೋ ಅಂತ ಗೊತ್ತಾಗೋ ಹಾಗೆ ಏನಾದರೂ ಮಾಡೋಕಾಗುತ್ತಾ?’ ಎಂದು ಕೇಳಿ ಬಾಯಿ ಮುಚ್ಚಿಕೊಂಡೆ. ಬಾಯಿ ಮುಚ್ಚಿಕೊಳ್ಳುವುದು ನನ್ನಂಥವನಿಗೆ ಎಷ್ಟು ಕಷ್ಟ ಎಂದರೆ, ಗಡಿಯಾರ ನೋಡಿ ಹೇಳುತ್ತೇನೆ, ಆರು ನಿಮಿಷದಲ್ಲಿ ಬೆನ್ನೆಲ್ಲ ಬೆವೆತಿತ್ತು.

ಕೊನೆಗೆ ಮಾತಾಡಿದವನು ವಿಜಯಪುರದ ಕಡೆಯಿಂದ ಬಂದ ಲೈನ್‌ಮನ್. ‘ಎಲ್ಲಾರ ಹಂತ್ಯಾಕೂ ಗಾಡಿ ಅದಾವಲ್ರಿ ಸರ. ಹತ್ತೂ ಮುಂದ ಗಾಡಿ ಕೀಲಿ ಎಲ್ಸಿ ತಗೊಂಡಾಂವನ ಕೈಯಾಗ ಕೊಡೂದು. ಕೀಲಿ ಇಲ್ಲದ ಯಾಂವ ಮನಿಗೆ ಹೋಗ್ತಾನ್ರಿ?’

‘ಅಂಗಾರೆ ಒಂದು ಕೀ ಕೈಲಿರೋಗಂಟ ಲೈನ್ ಬುಡಂಗಿಲ್ಲ’ ಎಂದ ಅಳಿಯ. ಕೇಳದೆಯೇ ಅವನು ಬಾಯಿಬಿಟ್ಟದ್ದು ಅದೇ ಮೊದಲು.

ಅಲ್ಲಿಂದ ಅರ್ಧ ಗಂಟೆ ಅವರೇ ಮಾತಾಡಿದರು. ಕೀಗಳಿಗೆ ಒಂದು ಖಾಕಿ ಚೀಲ ಬೇಕು. ಇಳಿದವನು ತನ್ನ ಕೀ ತಾನೇ ಬಂದು ಇಸಕೊಳ್ಳಬೇಕು. ಎಲ್ಸಿ ತೆಗೆದುಕೊಳ್ಳುವವನೇ ಚೀಲ ಹಿಡಿಯಬೇಕು, ಅವನು ಕಂಬ ಹತ್ತಬಾರದು, ಸ್ವಿಚ್ಚಿನ ಕಂಬ ಬಿಟ್ಟು ಅಲ್ಲಾಡಬಾರದು. ಯಾರು ಹಿಡಿಯಬೇಕು ಅನ್ನುವಲ್ಲಿ ಎಲ್ಲ ನಿಂತರು. ಮಾವನೇ ಹಿಡಿಯಲಿ ಎಂದು ಇಬ್ಬರು ಅಂದರು. ಎಲ್ಲರೂ ನನ್ನ ಮುಖ ನೋಡಿದರು.

ನಾನು ಮಾಡಿದ ತೀರ್ಮಾನ ಒಂದೇ, ಅದು ಅಲ್ಲಿ ಆಯಿತು. ಚೀಲ ವಾರಕ್ಕೊಬ್ಬರ ಕೈಗೆ, ಸರ್ವಿಸ್ ಲೆಕ್ಕವಿಲ್ಲ. ಚೀಲ ಹಿಡಿದವನು ಹೇಳದ ಹೊರತು ಲೈನ್ ಚಾರ್ಜ್ ಇಲ್ಲ. ಬರೆಯುವಾಗ ‘ಶಾಖಾಧಿಕಾರಿ ಹೇಳಿದರೂ ಇಲ್ಲ’ ಎಂದು ಸೇರಿಸಿದೆ. ಆ ಮೂರು ಪದ ಬರೆದು ಸಹಿ ಮಾಡಿ ಮನೆಗೆ ಹೋದವನು, ಇದನ್ನು ಯಾರಾದರೂ ಮೇಲಿನವರಿಗೆ ತೋರಿಸಿದರೆ ನನ್ನ ಗತಿಯೇನು ಎಂದು ಬೆಳಗಾಗುವವರೆಗೆ ಹೆಂಡತಿಯನ್ನೂ ಮಲಗಗೊಡಲಿಲ್ಲ. ‘ಬರಿಯೋದನ್ನ ಬರೆದಾಯ್ತಲ್ಲ, ಈಗ ಸುಮ್ಕೆ ಬಿದ್ಕಳಿ’ ಅಂದಳು.

ಮೇಸ್ತ್ರಿ ವಾಪಸ್ ಬಂದು ಚೀಲ ನೋಡಿದರು. ‘ಕೀ ಕಿತ್ಕಳಾಕೆ ನಾನೇನು ಕುಡ್ದು ಗಾಡಿ ಓಡ್ಸೋನಾ?’ ಅಂದರು. ಎರಡು ವಾರ ಕೊಡಲೇ ಇಲ್ಲ. ಕೀ ಕೊಡದವರನ್ನು ಹತ್ತಿಸುವಂತಿಲ್ಲ. ಹಾಗಾಗಿ ಅವರಿಗೆ ಕೆಳಗೆ ನಿಂತು ಹಗ್ಗ ಹಿಡಿಯುವ ಕೆಲಸ. ಮೂವತ್ತು ವರ್ಷ ಮೇಲಿದ್ದ ಮನುಷ್ಯ ಕೆಳಗೆ ನಿಂತು ಕತ್ತು ಮೇಲೆ ಮಾಡಿ ಬೈಯುವುದನ್ನು ನೋಡಿ ನನಗೇ ಸಂಕಟವಾಯಿತು. ಮೂರನೇ ವಾರ ಅವರೇ ಮೊಪೆಡ್ಡಿನ ಕೀ ತೆಗೆದು ಚೀಲಕ್ಕೆ ಹಾಕಿದರು, ಹಾಕುತ್ತ ಕಣ್ಣು ಮಿಟುಕಿಸಿದರು. ಆ ಮೊಪೆಡ್ಡು ಕೀ ಇಲ್ಲದೆಯೂ ಸ್ಟಾರ್ಟ್ ಆಗುತ್ತದೆ ಎಂದು ಆಮೇಲೆ ಗೊತ್ತಾಯಿತು. ಅವರು ಚೀಲಕ್ಕೆ ಹಾಕಿದ್ದು ಯಾವ ಉಪಯೋಗಕ್ಕೂ ಬಾರದ ಕೀ. ಹೋಗಲಿ, ಹಾಕಿದರಲ್ಲ ಎಂದು ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಗಾಳಿಗೆ ಮರದ ಕೊಂಬೆ ಬಿದ್ದು ಪಂಪ್‌ಸೆಟ್ಟಿನ ಫೀಡರಿನಲ್ಲಿ ಕಂಬದ ತುದಿಯಲ್ಲಿ ತಂತಿ ಹೊರುವ ಅಡ್ಡಪಟ್ಟಿ, ಅಂದರೆ ಕ್ರಾಸ್ ಆರ್ಮ್, ಮುರಿಯಿತು. ಚೀಲದ ಸರದಿ ಅಳಿಯನದು. ಹತ್ತು ಗಂಟೆಗೆ ಎಲ್ಸಿ ತೆಗೆದುಕೊಂಡ, ಸ್ವಿಚ್ ಎಳೆದ, ರಾಡ್ ಹಾಕಿಸಿದ, ಐದು ಕೀ ಇಸಕೊಂಡು ನಂಬರ್ ಬರೆದುಕೊಂಡ. ಮೇಸ್ತ್ರಿಯೂ ಕೀ ಕೊಟ್ಟು ಹತ್ತಿದರು, ಹಳೆಯ ಆರ್ಮ್ ಬಿಚ್ಚಿಕೊಟ್ಟು ಇಳಿದರು. ಹೊಸದನ್ನು ಕೂರಿಸುವ ಹೊತ್ತಿಗೆ ಹನ್ನೆರಡೂವರೆ.

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವ ಸಮಯ ಎರಡು ಗಂಟೆಗೆ ಮುಗಿಯುತ್ತದೆ. ರಸ್ತೆಯ ಮೇಲೆ ಹತ್ತಿಪ್ಪತ್ತು ರೈತರು ಸೇರಿದ್ದರು. ‘ಕೊಡೋ ನಾಕು ಗಂಟೇಲಿ ಎರಡೂವರೆ ನಿಮ್ಮ ರಿಪೇರಿಗೇ ಓಯ್ತಲ್ಲ ಸಾಮಿ, ಕಬ್ಬಿಗೆ ಏನು ಕಣ್ಣೀರು ಬುಡಾನಾ?’ ಎಂದೊಬ್ಬ ಕೇಳಿದ. ಅಷ್ಟರಲ್ಲಿ ಉಪವಿಭಾಗದ ಸಾಹೇಬರ ಫೋನು, ಐದು ನಿಮಿಷದಲ್ಲಿ ಮೂರನೇ ಸಲ. ಅದೇ ಫೀಡರಿನಲ್ಲಿ ಊರಿಗೆ ಕುಡಿಯುವ ನೀರಿನ ಪಂಪೂ ಇತ್ತು. ‘ಒಂದು ಆರ್ಮ್ ಬದಲಾಯಿಸೋಕೆ ಎಷ್ಟು ಹೊತ್ರೀ? ಇನ್ನೈದು ನಿಮಿಷದಲ್ಲಿ ಲೈನ್ ಬಿಡದಿದ್ದರೆ ಬರವಣಿಗೆಯಲ್ಲಿ ಕಾರಣ ಕೊಡಿ.’

ನಾನು ಅಳಿಯನ ಹತ್ತಿರ ಓಡಿದೆ. ‘ಎಲ್ಲ ಇಳಿದರಲ್ಲ, ರಾಡ್ ತೆಗೆಸಿ ಎಲ್ಸಿ ವಾಪಸ್ ಕೊಡು.’

‘ಒಂದು ಕೀ ಐತೆ ಸಾರ್.’

‘ಯಾರದು?’

‘ಮಾವಂದು.’

ಸುತ್ತ ನೋಡಿದೆ. ಮೇಸ್ತ್ರಿ ಇಲ್ಲ, ಮೊಪೆಡ್ಡೂ ಇಲ್ಲ. ಫೋನ್ ಮಾಡಿದರೆ ರಿಂಗ್ ಆಗುತ್ತದೆ, ಎತ್ತುವುದಿಲ್ಲ. ‘ಅವರು ಆಗಲೇ ಇಳಿದರಲ್ಲಯ್ಯ, ನಾನೇ ನೋಡಿದೆ. ಊಟಕ್ಕೆ ಹೋಗಿರುತ್ತಾರೆ. ಆ ಗಾಡಿಗೆ ಕೀ ಬೇಡವೇ ಬೇಡ, ನಿನಗೂ ಗೊತ್ತು ನನಗೂ ಗೊತ್ತು.’

‘ಗೊತ್ತು ಸಾರ್.’

‘ಮತ್ತೆ?’

‘ಕೀ ಚೀಲದಾಗೈತೆ ಸಾರ್. ಬುಡಾಕಾಗಲ್ಲ.’

ನನಗೆ ಸಿಟ್ಟು ಬರುವುದು ಅಪರೂಪ. ಬಂದಾಗ ದನಿ ಕೀರಲಾಗಿ ನಗೆಪಾಟಲಾಗುತ್ತದೆ. ಆ ಕೀರಲು ದನಿಯಲ್ಲೇ ಕೂಗಿದೆ: ‘ನಾನು ಹೇಳ್ತಿದೀನಿ, ನನ್ನ ಜವಾಬ್ದಾರಿ, ಬಿಡು!’ ರೈತರಲ್ಲೊಬ್ಬ, ‘ಸಾರೇ ಯೋಳ್ತಾವ್ರಲ್ಲೋ, ನಿಂದೇನ್ಲಾ?’ ಎಂದು ದನಿಗೂಡಿಸಿದ. ಅಳಿಯ ಚೀಲದ ಬಾಯಿಯನ್ನು ಬಿಗಿಯಾಗಿ ಮುಚ್ಚಿ ಹಿಡಿದ. ನಾನು ಫೋನ್ ತೆಗೆದೆ. ಆಪರೇಟರಿಗೆ ನಾನೇ ಹೇಳಿಬಿಡುತ್ತೇನೆ ಎಂದು ನಂಬರ್ ಒತ್ತಿಯೂಬಿಟ್ಟೆ.

‘ಸಾರ್,’ ಎಂದ ಅಳಿಯ. ಅವನ ದನಿ ಅಷ್ಟು ಜೋರಾಗಿ ಬಂದದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ‘ಫೋನ್ ಮಡಗಿ. ಕಾಲುವೆ ದಾರಿಲಿ ತ್ವಾಟದ ಆ ಕಡೆಗಂಟ ಲೈನ್ ಓಗ್ತದೆ. ನಾನು ಇಲ್ಲಿಂದ ಅಲ್ಲಾಡಂಗಿಲ್ಲ. ನೀವೇ ಓಗಿ ನೋಡ್ಕಂಡು ಬನ್ನಿ.’

ಲೈನ್‌ಮನ್ ಶಾಖಾಧಿಕಾರಿಗೆ ಹೋಗಿ ಬಾ ಅಂದ. ನಾನು ಹೋದೆ. ದೊಡ್ಡತನದಿಂದ ಹೋದೆನೆಂದು ಹೇಳಿಕೊಳ್ಳಬಹುದಿತ್ತು. ಅಷ್ಟು ಜನರ ಎದುರು ಇನ್ನೇನು ಮಾಡಬೇಕೆಂದು ತೋಚದೆ ಹೋದೆ.

ತೆಂಗಿನ ತೋಟ ದಾಟಿದರೆ ಲೈನಿನ ಕೊನೆ ಕಾಣುತ್ತದೆ, ಈಚೆಯಿಂದ ಕಾಣುವುದಿಲ್ಲ. ಸುಮಾರು ಮುಕ್ಕಾಲು ಕಿಲೋಮೀಟರು. ಕಾಲುವೆ ಏರಿಯ ಮೇಲೆ ಸ್ಕೂಟರ್ ಕುಣಿಯುತ್ತ ಹೋಗಿ ತೋಟ ದಾಟಿದ ಕೂಡಲೇ ಬದಿಯಲ್ಲಿ ಮೊಪೆಡ್ಡು ಕಂಡಿತು. ಅದರ ಚೀಲದಲ್ಲಿ ಫೋನು. ಕಂಬದ ಬುಡದಲ್ಲಿ ಒಬ್ಬ ಹೆಂಗಸು ಸೆರಗು ನೆರಳು ಮಾಡಿಕೊಂಡು ಮೇಲೆ ನೋಡುತ್ತಿದ್ದಳು. ಮೇಲೆ ಮೇಸ್ತ್ರಿ. ಒಂದು ಕೈ ತಂತಿಯ ಮೇಲೆ, ಇನ್ನೊಂದರಲ್ಲಿ ಸ್ಪ್ಯಾನರ್.

ಕೂಗಿದರೆ ಬೆಚ್ಚಿ ಬಿದ್ದಾರೆಂದು ಭಯ. ಕೂಗದಿದ್ದರೆ ಇನ್ನೂ ಭಯ. ಕೊನೆಗೆ ಬಂದದ್ದು ಪಿಸುಮಾತು.

‘ಏನ್ ಸಾರ್, ಇಲ್ಲಿಗಂಟ ಬಂದ್ಬುಟ್ರಿ?’ ಎಂದರು ಮೇಲಿನಿಂದ. ‘ಇವಮ್ಮನ ಪಂಪಿನ ಟ್ರಾನ್ಸ್‌ಫಾರ್ಮರ್‌ಗೆ ಲೈನಿಂದ ಬರೋ ಜಂಪರ್ ತಂತಿ ಸಡ್ಲ ಆಗಿತ್ತು. ದಾರೀಲಿ ಅಡ್ಡ ಹಾಕ್ಬುಟ್ಟು ಕೈ ಮುಗುದ್ಲು. ಹೆಂಗೂ ಎಲ್ಸಿ ಐತಲ್ಲ ಅಂತ. ಇನ್ನೊಂದು ನಟ್ಟು ಸಾರ್.’

‘ಇಳೀರಿ’ ಅಂದೆ. ಅವರಿಗೆ ನಾನು ಹಾಗೆ ಅಂದದ್ದು ಅದೇ ಮೊದಲು. ‘ಲೈನ್ ಬಿಡುವುದರಲ್ಲಿದ್ದೆವು.’

ಸ್ಪ್ಯಾನರ್ ನಿಂತಿತು. ಆಮೇಲೆ ಒಂದೊಂದೇ ಹೆಜ್ಜೆ ತಡವಿ ತಡವಿ ಇಳಿದರು, ಹೊಸದಾಗಿ ಕಂಬ ಕಲಿಯುವವರ ಹಾಗೆ. ಬುಡದಲ್ಲಿ ಕೂತರು.

‘ಅವ್ನು ಬುಡ್ಲಿಲ್ವಾ?’

‘ಬಿಡಲಿಲ್ಲ. ನಾನು ಬಿಡಿಸ್ತಿದ್ದೆ.’

ಇದನ್ನು ಹೇಳಲೇಬೇಕೆಂದು ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಆದರೆ ಹೇಳದಿದ್ದರೆ ಅವತ್ತಿನ ಊಟವಷ್ಟೇ ಅಲ್ಲ, ಮುಂದಿನ ಯಾವ ಊಟವೂ ಸೇರುತ್ತಿರಲಿಲ್ಲ. ಮೇಸ್ತ್ರಿ ನನ್ನನ್ನು ಬೈಯಲಿಲ್ಲ. ಹೆಂಗಸು ಕೊಟ್ಟ ಚೊಂಬಿನ ನೀರನ್ನು ಪೂರ್ತಿ ಕುಡಿದು, ‘ನಡೀರಿ’ ಅಂದರು.

ಸ್ವಿಚ್ಚಿನ ಕಂಬದ ಹತ್ತಿರ ನಾವು ಬಂದಾಗ ಗುಂಪು ದಾರಿ ಬಿಟ್ಟಿತು. ಮಾವ ಬಂದದ್ದಕ್ಕೆ ಅಳಿಯ ಎಂದಿನಂತೆ ಎದ್ದು ನಿಂತ. ಚೀಲ ಮಾತ್ರ ಮುಂದೆ ಚಾಚಲಿಲ್ಲ. ಅವರ ಕಾಲು ನೋಡುತ್ತ ಕೇಳಿದ: ‘ಮಾವ, ನಿಮ್ಮ ಜೊತೆ ಇನ್ಯಾರಾದ್ರೂ ಹತ್ತಿದ್ರಾ?’

‘ಇಲ್ಲ ಕಣಪ್ಪ.’

‘ಸ್ಪ್ಯಾನರು, ಹಗ್ಗ, ಏನಾದ್ರೂ ತಂತಿ ಮ್ಯಾಲೆ ಬುಟ್ಟಿದೀರಾ?’

‘ಇಲ್ಲ.’

‘ಜಂಪರು?’

‘ಒಂದು ನಟ್ಟು ಬಾಕಿ ಅದೆ. ಬಿಗಿ ಐತೆ, ಬೀಳಲ್ಲ. ನಾಳೆ ಬೇರೆ ಎಲ್ಸಿ ತಗಂಡು ಮಾಡ್ತೀನಿ.’

‘ಬೇರೆ ಎಲ್ಸಿ’ ಎಂಬ ಮಾತು ಅವರ ಬಾಯಲ್ಲಿ ನಾವ್ಯಾರೂ ಕೇಳಿರಲಿಲ್ಲ. ವಿಜಯಪುರದವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಳಿಯ ಎರಡೂ ಕೈಯಲ್ಲಿ ಕೀ ಹಿಡಿದು ಕೊಟ್ಟ. ಮಾವ ಎರಡೂ ಕೈಯಲ್ಲಿ ಇಸಕೊಂಡರು. ರಾಡ್ ತೆಗೆಸಿದ, ಸ್ವಿಚ್ ಹಾಕಿಸಿದ, ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ನಂಬರ್ ಹೇಳಿ, ‘ನಮ್ಮೋರೆಲ್ಲ ನೆಲದ ಮೇಲವ್ರೆ, ಬುಡಿ’ ಅಂದ. ಸ್ವಲ್ಪ ಹೊತ್ತಿಗೆ ಸುತ್ತಲ ಗದ್ದೆಗಳಲ್ಲಿ ಪಂಪುಗಳು ಒಂದಾದ ಮೇಲೊಂದು ಗುಂಯ್‌ಗುಡತೊಡಗಿದವು. ರೈತರು ಬೈಯುವುದನ್ನು ಅರ್ಧಕ್ಕೇ ಬಿಟ್ಟು ಓಡಿದರು.

ಸಂಜೆ ನಾಲ್ಕಕ್ಕೆ ಸಾಹೇಬರ ಪತ್ರ ಬಂತು: ನಲವತ್ತು ನಿಮಿಷ ವಿಳಂಬ, ಹೊಣೆ ಯಾರು, ಹೆಸರು ಸಮೇತ ವಿವರಿಸಿ. ಒಂಬತ್ತೂ ಜನ, ಮೇಸ್ತ್ರಿಯೂ ಆಫೀಸಿನಲ್ಲಿದ್ದರು. ನಾನು ಜಾಣತನದ ಒಂದು ವಾಕ್ಯ ಹುಡುಕುತ್ತಿದ್ದೆ, ‘ತಾಂತ್ರಿಕ ಕಾರಣಗಳಿಂದ’ ಎಂದು ಶುರುವಾಗುವಂಥದ್ದು.

‘ನನ್ನ ಹೆಸ್ರೇ ಬರೀರಿ ಸಾರ್,’ ಎಂದ ಅಳಿಯ. ‘ಬುಡ್ದೇ ಇದ್ದೋನು ನಾನೇ ತಾನೆ?’

‘ಲೇ, ತಡೀಲಾ,’ ಎಂದರು ಮೇಸ್ತ್ರಿ. ‘ಅದು ಎರಡ್ನೇದು. ಮೊದುಲ್ನೇದು ನಂದು ಬರೀರಿ. ಎಲ್ಸಿ ಇಲ್ದೆ ಹತ್ತಿದ್ದೋನು ನಾನು. ನಂಬರ್ ಹಾಕಿ ಬರೀರಿ, ಒಂದು, ಎರಡು ಅಂತ.’

ನಮ್ಮ ಶಾಖೆಯಲ್ಲಿ ಯಾವನೇ ಆಗಲಿ ತಾನು ಮಾಡಿದ ತಪ್ಪನ್ನು ತಾನೇ ಹೇಳಿ ಬರೆಸಿದ್ದನ್ನು ನಾನು ನೋಡಿರಲಿಲ್ಲ. ಹಾಗೆ ಬರೆದರೆ ಮೇಸ್ತ್ರಿಗೆ ಏನು ಬೇಕಾದರೂ ಆಗಬಹುದಿತ್ತು, ನಿವೃತ್ತಿ ಹತ್ತಿರವಿತ್ತು. ಅದನ್ನು ಹೇಳಿದೆ. ‘ಆಗ್ಲಿ ಬುಡಿ. ಸತ್ತಿದ್ರೆ ಅದೂ ಇರ್ತಿರ್ಲಿಲ್ಲ’ ಅಂದರು.

ಬರೆದೆ. ಒಂದು, ಎಲ್ಸಿ ಇಲ್ಲದೆ ಕಂಬ ಹತ್ತಿದವರು ಮೇಸ್ತ್ರಿ. ಎರಡು, ಒಬ್ಬರು ಮೇಲಿರಬಹುದೆಂಬ ಕಾರಣಕ್ಕೆ ಲೈನ್ ಬಿಡಲು ಒಪ್ಪದವರು ಎಲ್ಸಿ ಪಡೆದ ಲೈನ್‌ಮನ್. ಮೂರು, ಆದರೂ ಲೈನ್ ಬಿಡಿಸಲು ಫೋನ್ ಎತ್ತಿಕೊಂಡವರು ಶಾಖಾಧಿಕಾರಿ. ಮೂರನೆಯದನ್ನು ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಯಾರೂ ಅವಸರ ಮಾಡಲಿಲ್ಲ. ನನಗೆ ಆರು ನಿಮಿಷ ಕೊಟ್ಟರೋ, ಹತ್ತು ನಿಮಿಷ ಕೊಟ್ಟರೋ, ನೋಡಿಕೊಳ್ಳಲಿಲ್ಲ.

ಗಟ್ಟಿಯಾಗಿ ಓದಿ ಹೇಳಿದೆ. ಮೇಸ್ತ್ರಿ ಕನ್ನಡಕ ಏರಿಸಿಕೊಂಡು ಹಾಳೆ ಇಸಕೊಂಡು ತಾವೂ ಒಂದು ಸಲ ಓದಿದರು. ‘ಸರ್ಯಾಗದೆ. ನಿಮ್ದೇ ಒಸಿ ದಪ್ಪಕ್ಕೆ ಬರುದ್ಬುಟ್ಟಿದೀರಿ’ ಎಂದು ನನ್ನನ್ನು ಛೇಡಿಸಿ, ಒಂದನೆಯದರ ಮುಂದೆ ಸಹಿ ಹಾಕಿದರು. ಆಮೇಲೆ ಪೆನ್ನನ್ನು ನನಗೆ ವಾಪಸ್ ಕೊಡದೆ ಪಕ್ಕಕ್ಕೆ ಚಾಚಿದರು.

‘ತಗೊ,’ ಎಂದರು ಅಳಿಯನಿಗೆ. ‘ನಿಂತ್ಕಂಡು ಸಹಿ ಹಾಕಿದ್ರೆ ಸೊಟ್ಟ ಬತ್ತದೆ. ಕೂತ್ಕೊ.’

ಅಳಿಯ ಮಾವನ ಮುಂದೆ ಕುರ್ಚಿ ಎಳೆದುಕೊಂಡು ಕೂತ.